ಹಿತ್ತಿಲಿಲ್ಲದ ಊರಿಗೆ ಕುಂಡವೇ ಹಿತ್ತಿಲು

ಮೂವತ್ತನಾಲ್ಕು ವರ್ಷ ನಾನು ಹೆಂಗಸರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದೇನೆ. ಒಳಗೆ ಕೆಂಪಗಿರಬೇಕು. ನಮ್ಮ ಕಡೆ ಬಹಳ ಜನರದು ಬಿಳಚಿಕೊಂಡಿರುತ್ತದೆ, ಒಗೆದೂ ಒಗೆದೂ ಬಣ್ಣ ಹೋದ ಬಟ್ಟೆಯ ಹಾಗೆ. ಆರೋಗ್ಯ ಸಹಾಯಕಿಯಾಗಿ 1988ರಲ್ಲಿ ಕೆಲಸಕ್ಕೆ ಸೇರಿದವಳು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನೆಲ್ಲ ಸುತ್ತಿ, 2022ರಲ್ಲಿ ಚಿಕ್ಕಬಳ್ಳಾಪುರದಲ್ಲಿ ನಿವೃತ್ತಳಾದೆ. ಸೇರಿದಾಗ ಇದೆಲ್ಲ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾಯಿತು, ನಾನು ಮನೆಮನೆಗೆ ಹೋಗಿ ಹೇಳುತ್ತಿದ್ದ ಮಾತು ಬದಲಾಗಲಿಲ್ಲ. ಮಾತ್ರೆ ತಪ್ಪಿಸಬೇಡಿ, ಸೊಪ್ಪು ತಿನ್ನಿ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂತು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 44.8 ಇತ್ತು. ಇಳಿಯಬೇಕಾದದ್ದು ಏರಿದೆ. ಆ ಲೆಕ್ಕದೊಳಗೆ ನಾನು ಮುಖ ನೋಡಿ ಹೆಸರು ಹಿಡಿದು ಕರೆದ ಹೆಂಗಸರೂ ಇದ್ದಾರೆ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಶಿಡ್ಲಘಟ್ಟ ಪಟ್ಟಣದ ಒಂದು ಓಣಿ ನೆನಪಾಗುತ್ತದೆ. ಸುತ್ತಲೂ ರೇಷ್ಮೆ ನೂಲು ಬಿಚ್ಚುವ ಮನೆಗಳು, ಗೂಡು ಬೇಯುವ ವಾಸನೆ, ಚರಂಡಿಗೆ ಹರಿಯುವ ಬಿಸಿನೀರು. ಅಲ್ಲೊಬ್ಬಳು ಬಸುರಿ, ಆರು ತಿಂಗಳು, ನೂಲು ಬಿಚ್ಚುವ ಫಿಲೇಚರಿಗೆ ಕೂಲಿ ಹೋಗುತ್ತಿದ್ದಳು. ರಕ್ತ ನೋಡಿದರೆ ಹಿಮೋಗ್ಲೋಬಿನ್ ಎಂಟು. ನಾನು ಎಂದಿನ ಹಾಗೆ ಸೊಪ್ಪು ತಿನ್ನಮ್ಮ ಅಂದೆ. ಅವಳು ಬೇಜಾರಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಕೆಲ್ಸ ಬಿಟ್ಟು ಬರೋ ಹೊತ್ತಿಗೆ ಗಾಡಿಯವನ ಹತ್ರ ಬಾಡಿದ್ದು ಮಾತ್ರ ಇರುತ್ತೆ ಸಿಸ್ಟರ್. ಹಿತ್ಲು ಇದ್ದಿದ್ರೆ ನಾನೇ ಬೆಳ್ಕೊತಿದ್ದೆ." ಅವಳ ಮನೆ ಒಂದೇ ಕೋಣೆ. ಬಾಗಿಲು ತೆಗೆದರೆ ಎರಡು ಮೆಟ್ಟಿಲು, ಕೆಳಗೆ ಚರಂಡಿ, ಆಚೆಗೆ ರಸ್ತೆ. ನನ್ನ ಹತ್ತಿರ ಆವತ್ತು ಉತ್ತರವಿರಲಿಲ್ಲ.

ನಮ್ಮದು ತರಕಾರಿಯ ಜಿಲ್ಲೆ. ಚಿಂತಾಮಣಿ ಮಾರುಕಟ್ಟೆಯಿಂದ ಟೊಮೆಟೊ ಲಾರಿಗಳು ದೇಶದ ಮೂಲೆಮೂಲೆಗೆ ಹೋಗುತ್ತವೆ. ಚಿಕ್ಕಬಳ್ಳಾಪುರದ ಸುತ್ತಮುತ್ತ ಗುಲಾಬಿ, ಸೇವಂತಿ, ದ್ರಾಕ್ಷಿ. ಇಲ್ಲಿನ ಸೊಪ್ಪು, ಹೂಕೋಸು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಮಂಡಿಯಲ್ಲಿರುತ್ತದೆ. ಇಷ್ಟೆಲ್ಲ ಬೆಳೆಯುವ ನೆಲದಲ್ಲಿ, ಆ ನೆಲದ ಪಟ್ಟಣಗಳಲ್ಲಿ ಕೂಲಿ ಮಾಡುವ ಹೆಂಗಸಿನ ತಟ್ಟೆಗೆ ಒಂದು ಹಿಡಿ ಹಸಿ ಸೊಪ್ಪು ಸಿಗುವುದು ಕಷ್ಟ. ಕಾರಣ ಸಣ್ಣದು, ಆದರೆ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ನಮ್ಮ ಊರುಗಳಲ್ಲಿ ಹಿತ್ತಿಲು ಸತ್ತುಹೋಯಿತು.

ನಾನು ಹುಟ್ಟಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಮನೆಯಲ್ಲಿ. ಅಮ್ಮನ ಹಿತ್ತಿಲಿಗೆ ಬೇಲಿಯೂ ಇರಲಿಲ್ಲ. ಬಚ್ಚಲ ನೀರು ಬಾಳೆಗೆ ಹೋಗುತ್ತಿತ್ತು, ಪಾತ್ರೆ ತೊಳೆದ ನೀರು ಕೆಸುವಿಗೆ. ಚಪ್ಪರದ ಮೇಲೆ ಬಸಳೆ ಹಬ್ಬಿತ್ತು. ಮಳೆ ಬಿದ್ದ ವಾರಕ್ಕೆ ಗಣಿಕೆ, ಅಣ್ಣೆ, ಹೊನಗೊನ್ನೆ ತಾವಾಗಿ ಎದ್ದು ನಿಲ್ಲುತ್ತಿದ್ದವು. ಅಮ್ಮ ಮಡಿಲು ಕಟ್ಟಿಕೊಂಡು ಒಂದು ಸುತ್ತು ಬಂದರೆ ಬೆರಕೆ ಸೊಪ್ಪಿನ ಮಸ್ಸೊಪ್ಪಾಗುತ್ತಿತ್ತು. ಆ ಸೊಪ್ಪಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಯಾರೂ ಅದನ್ನು ಪೌಷ್ಟಿಕ ಆಹಾರ ಎಂದು ಕರೆದೂ ಇರಲಿಲ್ಲ.

ಈಗ ಅದೇ ಊರಿನಲ್ಲಿ ಹಿತ್ತಿಲಿದ್ದ ಕಡೆ ತಮ್ಮನ ಮಗನ ಮನೆ ಎದ್ದಿದೆ. ಪಟ್ಟಣಗಳ ಪಾಡು ಕೇಳುವುದೇ ಬೇಡ. ಮೂವತ್ತು–ನಲವತ್ತರ ಸೈಟು, ಗೋಡೆಯಿಂದ ಗೋಡೆಗೆ ಮನೆ, ಉಳಿದ ಮೂರಡಿಗೂ ಸಿಮೆಂಟು ಇಲ್ಲವೇ ಟೈಲ್ಸ್. ಮನೆ ಕಟ್ಟಿದವರನ್ನು ನಾನು ದೂರುವುದಿಲ್ಲ. ಸಾಲ ಮಾಡಿ ಕೊಂಡ ಜಾಗದಲ್ಲಿ ಒಂದು ಬಾಡಿಗೆ ಕೋಣೆ ಏರಿಸುವುದು ಅವರ ಬದುಕಿನ ಲೆಕ್ಕ. ಆದರೆ ಹಿತ್ತಿಲನ್ನು ಕಳೆದುಕೊಂಡವರು ಅದರ ಬದಲಿಗೆ ಏನು ಇಟ್ಟುಕೊಂಡೆವು ಅಂತ ಕೇಳಿಕೊಳ್ಳಬೇಕು. ನನ್ನ ಉತ್ತರ ಕುಂಡ. ಮೂವತ್ತು ವರ್ಷ ಅದರ ಜೊತೆ ಬಾಳಿ ಹೇಳುತ್ತಿದ್ದೇನೆ.

ನನಗೂ ಇದು ಮೊದಲು ಹೊಳೆದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥದ ಕಡೆಯ ಒಂದು ಊರಿನಲ್ಲಿ ಬಾಡಿಗೆಗಿದ್ದೆ. ಹಿಂದೆ ಸ್ವಲ್ಪ ಖಾಲಿ ಜಾಗವಿತ್ತು. ನುಗ್ಗೆ ಕೊಂಬೆ ನೆಟ್ಟೆ, ಕರಿಬೇವು ನೆಟ್ಟೆ, ನಾಲ್ಕು ವರ್ಷ ನೀರು ಹೊತ್ತೆ. ನುಗ್ಗೆ ಮೊದಲ ಸಲ ಮೈತುಂಬ ಹೂ ಬಿಟ್ಟ ವರ್ಷವೇ ಚಿಂತಾಮಣಿ ತಾಲ್ಲೂಕಿಗೆ ವರ್ಗವಾಯಿತು. ಎರಡು ವರ್ಷ ಕಳೆದು ಹೋಗಿ ನೋಡಿದರೆ ಮರವೂ ಇರಲಿಲ್ಲ, ಗಿಡವೂ ಇರಲಿಲ್ಲ. ಅಲ್ಲೊಂದು ಶೀಟಿನ ಮನೆ ಏರಿಸಿದ್ದರು. ಜಾಗ ಅವರದು, ಅವರನ್ನು ಅನ್ನುವ ಹಕ್ಕು ನನಗಿರಲಿಲ್ಲ. ಆದರೂ ಬಸ್ಸಿನಲ್ಲಿ ಕೂತು ಅತ್ತೆ. ಮಾರನೆಯ ವಾರ ಗುಜರಿ ಅಂಗಡಿಯಿಂದ ಅರ್ಧಕ್ಕೆ ಕತ್ತರಿಸಿದ ಒಂದು ಪ್ಲಾಸ್ಟಿಕ್ ಡ್ರಮ್ ತಂದು ಅದರಲ್ಲಿ ಹೊಸ ಕರಿಬೇವಿನ ಸಸಿ ಇಟ್ಟೆ.

ಆ ಕರಿಬೇವು ಇವತ್ತಿಗೂ ನನ್ನ ತಾರಸಿಯ ಮೇಲಿದೆ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ, ನಡುವೆ ಮನೆ ಬದಲಾಯಿಸಿದಾಗಲೆಲ್ಲ ಲಗೇಜ್ ಆಟೊದಲ್ಲಿ ಬೀರು, ಮಂಚದ ಪಕ್ಕದಲ್ಲಿ ನಿಂತು ಬಂದಿದೆ. ಮೂರು–ನಾಲ್ಕು ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಹೊರಗೆ ತೆಗೆದು, ಸುತ್ತಿಕೊಂಡ ಬೇರನ್ನು ಒಂದಿಷ್ಟು ಕತ್ತರಿಸಿ, ಹೊಸ ಮಣ್ಣು ಗೊಬ್ಬರ ತುಂಬಿ ಮತ್ತೆ ಕೂರಿಸುತ್ತೇನೆ. ಒಂದು ವಾರ ಸೊರಗಿದಂತೆ ನಿಂತು ಆಮೇಲೆ ಚಿಗುರುತ್ತದೆ. ಬಾಡಿಗೆ ಮನೆಯವರಿಗೆ ಕುಂಡದಷ್ಟು ಒಗ್ಗುವ ತೋಟ ಇನ್ನೊಂದಿಲ್ಲ. ನೆಲ ಯಾರದಾದರೂ ಆಗಿರಲಿ, ಗಿಡ ನಿಮ್ಮದು. ಹೊರಡುವಾಗ ಎತ್ತಿಕೊಂಡು ಹೊರಡಬಹುದು. ಅಷ್ಟೇ ಅಲ್ಲ, ಏಪ್ರಿಲ್ ಬಿಸಿಲಿಗೆ ಗೋಡೆಯ ನೆರಳಿಗೆ ಸರಿಸಬಹುದು, ಆಲಿಕಲ್ಲು ಬಿದ್ದರೆ ಸಜ್ಜಾದ ಕೆಳಗೆ ಎಳೆಯಬಹುದು. ಹೊಲದಲ್ಲಿ ದ್ರಾಕ್ಷಿ ಬಳ್ಳಿ ಆಲಿಕಲ್ಲಿಗೆ ಸಿಕ್ಕಿ ಹರಿದುಹೋದದ್ದನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಶಿಡ್ಲಘಟ್ಟದ ಆ ಹೆಂಗಸಿನ ಮನೆಗೆ ಮುಂದಿನ ಭಾನುವಾರ ಹೋದೆ. ರಜೆಯ ದಿನ, ನನ್ನ ಸ್ವಂತ ಕೆಲಸ. ನಮ್ಮ ಕಡೆ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಪ್ರತಿ ಮನೆಯಲ್ಲೂ ಉಂಟು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಊರೂರಿಗೂ ಶುದ್ಧ ನೀರಿನ ಘಟಕ ಬಂದ ಮೇಲೆ ಕ್ಯಾನು ಹೊರುವುದು ನಮ್ಮ ದಿನಚರಿಯಾಗಿದೆ. ಸೀಳಿದ ಕ್ಯಾನುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಅಂಥ ಒಂದನ್ನು ನಡುವೆ ಅಡ್ಡಕ್ಕೆ ಕೊಯ್ದು ಕೆಳಭಾಗ ಇಟ್ಟುಕೊಂಡೆವು. ಕಬ್ಬಿಣದ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ತಳಕ್ಕೆ ಐದಾರು ತೂತು ಹಾಕಿದೆವು. ತೂತಿನ ಮೇಲೆ ಒಡೆದ ಹೆಂಚಿನ ಚೂರು ಕವುಚಿಟ್ಟು, ಕೆಮ್ಮಣ್ಣು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ ತುಂಬಿದೆವು. ಕ್ಯಾನು ಬೆಳಕು ಬಿಡುವುದರಿಂದ ಒಳಗೆ ಪಾಚಿ ಕಟ್ಟುತ್ತದೆ. ಅದಕ್ಕೆ ಸುತ್ತಲೂ ಹಳೆಯ ಗೋಣಿ ಸುತ್ತಿದೆವು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಚೆಲ್ಲಿದರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಮರಳು ಕಲಸಿ ಉದುರಿಸಿದೆವು. ಮೇಲೆ ಒದ್ದೆ ಗೋಣಿ ಹೊದಿಸಿದೆವು.

ನಾಲ್ಕನೇ ದಿನ ಅವಳೇ ಫೋನ್ ಮಾಡಿಸಿದಳು. ಹೋಗಿ ನೋಡಿದರೆ ಕೆಂಪು ನೂಲಿನ ತುಣುಕುಗಳನ್ನು ಮಣ್ಣಿನಲ್ಲಿ ಸಿಕ್ಕಿಸಿದ ಹಾಗೆ ಮೊಳಕೆ ನಿಂತಿದ್ದವು. ದಿನವಿಡೀ ನೂಲಿನ ತುದಿ ಹುಡುಕುವ ಬೆರಳುಗಳಿಂದ ಅವಳು ಒತ್ತೊತ್ತಾಗಿ ಬೆಳೆದವನ್ನು ಒಂದೊಂದಾಗಿ ಕಿತ್ತು ಬೇರೆ ಮಾಡುತ್ತಿದ್ದಳು. ಆ ನಾಜೂಕು ನನ್ನ ಕೈಗೆ ಬರುವುದಿಲ್ಲ. ತಿಂಗಳು ತುಂಬುವುದರೊಳಗೆ ಆ ಕ್ಯಾನಿನಿಂದ ಒಂದು ಹೊತ್ತಿನ ಬಸ್ಸಾರಿಗಾಗುವಷ್ಟು ಸೊಪ್ಪು ಬಂತು. ಬುಡದಿಂದ ಕೀಳದೆ ಮೇಲಿನಿಂದ ಚಿವುಟಿದ್ದರಿಂದ ಮತ್ತೆ ಕವಲೊಡೆಯಿತು. ಹೆರಿಗೆಯ ಹೊತ್ತಿಗೆ ಅವಳ ಮೆಟ್ಟಿಲ ಮೇಲೆ ಆರು ಡಬ್ಬಗಳಿದ್ದವು. ಒಂದರಲ್ಲಿ ಪುದೀನ. ಅದಕ್ಕೆ ಬೀಜವೂ ಬೇಕಾಗಿರಲಿಲ್ಲ, ಸಂತೆಯಿಂದ ತಂದ ಕಟ್ಟಿನ ಎಲೆ ಬಿಡಿಸಿಕೊಂಡು ಉಳಿದ ಕಡ್ಡಿ ಊರಿದ್ದಷ್ಟೆ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು, ನನ್ನ ವೃತ್ತಿಧರ್ಮ ಅದು. ಅವಳ ರಕ್ತ ಹೆಚ್ಚಿದ್ದು ಮುಖ್ಯವಾಗಿ ಕಬ್ಬಿಣಾಂಶದ ಮಾತ್ರೆಯಿಂದ. ಬಸುರಿಯರು ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆ ನುಂಗಬೇಕು. ಸೊಪ್ಪು ಅದರ ಬದಲಿಯಲ್ಲ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಆದರೆ ಸೊಪ್ಪಿನ ಸಾರಿಗೆ ನಿಂಬೆ ಹಿಂಡಿದರೆ, ಊಟವಾದ ಕೂಡಲೇ ಟೀ ಕುಡಿಯುವುದನ್ನು ಬಿಟ್ಟರೆ ಹತ್ತುವುದು ಹೆಚ್ಚುತ್ತದೆ. ಫೋಲಿಕ್ ಆಮ್ಲ, ಎ ಮತ್ತು ಸಿ ಜೀವಸತ್ವ, ಸುಣ್ಣದಂಶ ಎಲ್ಲ ಅದರಲ್ಲಿವೆ. ನಮ್ಮ ನೀರಿನ ಫ್ಲೋರೈಡ್ ವಿಷಯದಲ್ಲೂ ಸೊಪ್ಪಿನ ಮಾತು ಬರುತ್ತದೆ. 2008–09ರಲ್ಲಿ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ಕಾಯಿಲೆಯ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬೇಡಿ ಅನ್ನುವುದರ ಜೊತೆಗೇ ಸುಣ್ಣದಂಶ ಮತ್ತು ಸಿ ಜೀವಸತ್ವ ಇರುವ ಆಹಾರ ಕೊಡಿ ಎಂದೂ ನಾವು ಮನೆಮನೆಗೆ ಹೇಳಿದೆವು. ಗೌರಿಬಿದನೂರು ಕಡೆಯ ಶಾಲೆಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದ್ದೇನೆ. ಅವರ ಅಮ್ಮಂದಿರಿಗೆ ನುಗ್ಗೆಸೊಪ್ಪು, ನೆಲ್ಲಿಕಾಯಿ ಎಂದು ಹೇಳುವಾಗ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ಎಲ್ಲಿಂದ ತರುವುದು?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಸುಮ್ಮನೆ ಹೇಳಿಕೊಂಡು ಬಂದಿದ್ದೇವೆ. ನನ್ನ ಅನುಭವದಲ್ಲಿ, ಕೈಗೆ ಸಿಗುವ ದೂರದಲ್ಲಿದ್ದದ್ದನ್ನೇ ಜನ ತಿನ್ನುವುದು. ಒಲೆಯ ಮೇಲೆ ಬೇಳೆ ಕುದಿಯುವಾಗ ಹತ್ತು ಹೆಜ್ಜೆ ನಡೆದು ಒಂದು ಹಿಡಿ ಕಿತ್ತು ತರುವಂತಿದ್ದರೆ ಸಾರಿಗೆ ಸೊಪ್ಪು ಬೀಳುತ್ತದೆ. ಅಂಗಡಿಗೆ ಹೋಗಬೇಕಾದರೆ ಬೀಳುವುದಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ, ನಮ್ಮ ಜಿಲ್ಲೆಯಲ್ಲಿ ಎಲ್ಲ ಮಾತೂ ಕಡೆಗೆ ಅಲ್ಲಿಗೇ ಬರುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ. ವರ್ಷವಿಡೀ ಹರಿಯುವ ನದಿ ಮಾತ್ರ ನಮ್ಮಲ್ಲಿ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ತ್ಯಾಜ್ಯ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಮೂರನೇ ಹಂತ ಬೇಕೆಂದು ಇಲ್ಲಿನ ಜನ ಹೋರಾಡುತ್ತಲೇ ಇದ್ದಾರೆ. ಇಂಥ ಕಡೆ ತಾರಸಿಯ ಮೇಲೆ ಗಿಡ ಸಾಕಿ ಅಂದರೆ ನೀರು ನಿಮ್ಮಪ್ಪನ ಮನೆಯಿಂದ ಬರುತ್ತಾ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಕುಂಡಕ್ಕೆ ನೀರು ಕಡಿಮೆ ಸಾಕು ಅನ್ನುವುದು ಅರ್ಧ ಸತ್ಯ. ನೆಲದಲ್ಲಿರುವ ಗಿಡದ ಬೇರು ಆಳಕ್ಕೆ ಹೋಗಿ ತೇವ ಹುಡುಕುತ್ತದೆ, ಕುಂಡದ ಗಿಡ ನಿಮ್ಮನ್ನೇ ನಂಬಿ ಕೂತಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ದಿನ ತಪ್ಪಿಸಿದರೆ ಬಾಡುತ್ತದೆ. ಉಳಿದರ್ಧ ಸತ್ಯ ಹೀಗಿದೆ: ಕುಂಡಕ್ಕೆ ಹೊಯ್ದ ನೀರು ಬೇರಿಗೇ ಹೋಗುತ್ತದೆ, ಅಕ್ಕಪಕ್ಕದ ಕಳೆಗಲ್ಲ. ಮಣ್ಣಿನ ಮೇಲೆ ಒಣಗಿದ ಎಲೆಯೋ ತೆಂಗಿನ ನಾರೋ ಹೊದಿಸಿದರೆ ಆವಿಯಾಗುವುದೂ ತಗ್ಗುತ್ತದೆ. ನನ್ನ ಲೆಕ್ಕ ಬಿಂದಿಗೆಯದು. ಬೇಸಿಗೆಯಲ್ಲಿ ಹತ್ತು ಕುಂಡಕ್ಕೆ ದಿನಕ್ಕೆ ಒಂದು ಬಿಂದಿಗೆ. ಆ ಬಿಂದಿಗೆಯನ್ನು ನಾನು ನಲ್ಲಿಯಿಂದ ತುಂಬುವುದಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಕಡೆಯ ಸಲ ಪಾತ್ರೆ ಜಾಲಿಸಿದ ಸೋಪಿಲ್ಲದ ನೀರು, ಎಲ್ಲ ಒಂದು ಬಕೆಟ್ಟಿಗೆ ಬೀಳುತ್ತವೆ. ಸಂಜೆಯ ಹೊತ್ತಿಗೆ ಮುಕ್ಕಾಲು ಬಿಂದಿಗೆ ಸೇರಿರುತ್ತದೆ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯದ ನೀರು ಬರುವುದು ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ. ಅಂಥ ದಿನಗಳಲ್ಲೂ ನನ್ನ ಗಿಡಗಳಿಗೆ ಕುಡಿಯುವ ನೀರು ಒಂದು ಲೋಟವೂ ಹೋಗಿಲ್ಲ.

ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಬೇಡ. ಅದರಲ್ಲಿ ಉಪ್ಪು ಒಟ್ಟಾಗಿರುತ್ತದೆ, ಅದು ನೆಲ ಒರೆಸಲು, ಶೌಚಾಲಯಕ್ಕೆ ಇರಲಿ. ನಮ್ಮ ಬೋರಿನ ನೀರೇ ಎಷ್ಟು ಗಡುಸು ಅನ್ನುವುದನ್ನು ಮಣ್ಣಿನ ಕುಂಡ ತೋರಿಸುತ್ತದೆ. ಆರು ತಿಂಗಳಲ್ಲಿ ಹೊರಮೈಗೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಮೊದಲ ಜೋರು ಮಳೆಗೆ ಎಲ್ಲ ಕುಂಡಗಳನ್ನೂ ಬಯಲಿಗೆ ಇಟ್ಟುಬಿಡುತ್ತೇನೆ. ಮಳೆನೀರು ಮಣ್ಣನ್ನು ತೊಳೆದು ತಳದ ತೂತಿನಿಂದ ಉಪ್ಪನ್ನು ಹೊರಗೆ ಹಾಕುತ್ತದೆ. ಮರುವಾರದ ಎಲೆಗಳ ಬಣ್ಣವೇ ಬೇರೆ.

ಸೊಳ್ಳೆಯ ಆಕ್ಷೇಪವೂ ಇದೆ. ಲಾರ್ವಾ ಸಮೀಕ್ಷೆಗೆ ಹೋದಾಗ ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ಹುಳ ಕುಣಿಯುವುದನ್ನು ನಾನೇ ಎಷ್ಟೋ ಮನೆಯಲ್ಲಿ ತೋರಿಸಿದ್ದೇನೆ. ಡೆಂಗಿ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ, ವಾರ–ಹತ್ತು ದಿನದಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ಇದಕ್ಕೆ ಗಿಡ ಬಿಡಬೇಕಾಗಿಲ್ಲ, ತಟ್ಟೆ ಬಿಡಬೇಕು. ಎರಡು ಇಟ್ಟಿಗೆಯ ಮೇಲೆ ಕುಂಡ ಕೂರಿಸಿ. ನೀರು ನಿಲ್ಲುವುದಿಲ್ಲ, ತಾರಸಿಗೆ ಗಾಳಿಯಾಡುತ್ತದೆ, ಸೋರುವ ಭಯವೂ ಇಲ್ಲ. ಒದ್ದೆ ಮಣ್ಣಿಗೆ ತೂಕ ಬಹಳ. ದೊಡ್ಡ ಡ್ರಮ್ಮುಗಳನ್ನು ತಾರಸಿಯ ನಡುವೆ ಇಡದೆ ಗೋಡೆ, ತೊಲೆ ಇರುವ ಅಂಚಿಗೆ ಇಡಬೇಕು. ಹಳೆಯ ಮನೆಯಾದರೆ ಮೇಸ್ತ್ರಿಯನ್ನು ಒಂದು ಮಾತು ಕೇಳಿಯೇ ಇಡಬೇಕು.

ಏನು ಬೆಳೆಯಬೇಕು ಎಂಬುದರಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಊರಿಗೆ ಊರೇ ಕುಂಡದಲ್ಲಿ ಟೊಮೆಟೊ ಹಾಕಿತು. ಅದು ಹಣ್ಣಾಗುವ ಹೊತ್ತಿಗೆ ಬೆಲೆ ಬಿದ್ದಿತ್ತು, ಗಿಡಗಳು ಒಣಗಿದವು, ಕುಂಡಗಳು ಖಾಲಿಯಾದವು. ಬೆಲೆ ನೋಡಿ ಕುಂಡ ಇಡಬೇಡಿ. ಟೊಮೆಟೊ, ಆಲೂಗಡ್ಡೆ, ಈರುಳ್ಳಿ ನಮ್ಮ ರೈತರೇ ಬೆಳೆಯಲಿ, ಅವರಿಂದಲೇ ಕೊಳ್ಳೋಣ. ಹತ್ತು ಕುಂಡದಿಂದ ಸಂಸಾರದ ತರಕಾರಿ ಖರ್ಚು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತ ಗಳಿಗೆಯಿಂದ ಬಾಡತೊಡಗುವಂಥದ್ದು, ಒಂದೊಂದು ಹಿಡಿ ಬೇಕಾಗುವಂಥದ್ದು, ಅದಕ್ಕೆ ಕುಂಡ. ದಂಟು, ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿ, ಪುದೀನಕ್ಕೆ ಅರ್ಧ ಅಡಿ ಮಣ್ಣು ಸಾಕು. ಬಸಳೆ, ಹಸಿಮೆಣಸಿನಕಾಯಿ, ಬದನೆಗೆ ಒಂದು ಅಡಿ ಬೇಕು. ಕರಿಬೇವು, ನಿಂಬೆಗೆ ಅರ್ಧ ಡ್ರಮ್. ದೊಡ್ಡಪತ್ರೆ, ಒಂದೆಲಗ ಯಾವ ಡಬ್ಬದಲ್ಲಾದರೂ ಬದುಕುತ್ತವೆ. ಮಗುವಿಗೆ ಕೆಮ್ಮು ಬಂದರೆ ರಾತ್ರಿ ಹನ್ನೊಂದಕ್ಕೂ ದೊಡ್ಡಪತ್ರೆ ಎಲೆ ಸಿಗುತ್ತದೆ.

ಚಿಂತಾಮಣಿ ತಾಲ್ಲೂಕಿನಲ್ಲಿ ಕೆಲಸ ಮಾಡುವಾಗ ಒಬ್ಬ ಟೊಮೆಟೊ ರೈತರ ಮನೆಗೆ ಪೋಲಿಯೊ ಹನಿ ಹಾಕಲು ಹೋಗಿದ್ದೆ. ಅವರ ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಹೊರಡುವಾಗ ಅಜ್ಜಿ ಒಂದು ಕಟ್ಟು ತೋಟಕೂರ, ಅಂದರೆ ನಮ್ಮ ದಂಟಿನ ಸೊಪ್ಪು, ಕೈಗಿಟ್ಟು ಹೇಳಿದರು: "ಇದು ಮನೆ ಮಡಿದು ತಗೊಳಮ್ಮ, ಔಷಧಿ ಹೊಡೆದಿಲ್ಲ." ಮಾರುವುದಕ್ಕೆ ಬೇರೆ, ಮನೆಗೆ ಬೇರೆ. ಅದನ್ನು ತಪ್ಪೆಂದು ನಾನು ಹೇಳಲಾರೆ. ಸಾಲ ತಂದು ಬೆಳೆ ಇಟ್ಟವರಿಗೆ ಒಂದು ಹುಳು ಬಿದ್ದರೂ ಮಂಡಿಯಲ್ಲಿ ಬೆಲೆ ಇಳಿಯುತ್ತದೆ, ತೂತಿಲ್ಲದ ಎಲೆಯೇ ಬೇಕೆಂದು ಹಟ ಹಿಡಿಯುವವರು ಕೊಳ್ಳುವ ನಾವು. ಆದರೆ ರೈತನ ಮನೆಗೊಂದು ಮಡಿ ಇರುವಾಗ ನಮ್ಮ ಮನೆಗೂ ಒಂದು ಇರಲಿ ಎಂದು ಬಯಸುವುದು ನ್ಯಾಯ. ಕುಂಡ ಅಂದರೆ ಆ ಮನೆಮಡಿ. ಹುಳು ಬಿದ್ದರೆ ಕೈಯಲ್ಲಿ ಆರಿಸಿ ಹಾಕಬಹುದು, ಹೇನು ಬಿದ್ದರೆ ಬೇವಿನೆಣ್ಣೆ ಕಲಸಿದ ಸೋಪಿನ ನೀರು ಎರಚಿದರೆ ಸಾಕು. ರೇಷ್ಮೆ ಸಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಯಾರಾದರೂ ಔಷಧಿ ಹೊಡೆದರೆ ನಮ್ಮಮ್ಮ ಜಗಳಕ್ಕೇ ನಿಲ್ಲುತ್ತಿದ್ದಳು, ಗಾಳಿಯಲ್ಲಿ ತೇಲಿ ಬಂದ ಹನಿಗೂ ಹುಳು ಸಾಯುತ್ತದೆ. ಹುಳುವಿನ ಬಾಯಿಗೆ ಹೋಗುವ ಎಲೆಯ ಮೇಲೆ ಅಷ್ಟು ಕಾಳಜಿ ಇಟ್ಟವರು ಮಕ್ಕಳ ಬಾಯಿಗೆ ಹೋಗುವ ಎಲೆಯ ಮೇಲೂ ಇಡಬಲ್ಲೆವು.

ಗೊಬ್ಬರದ ಮಟ್ಟಿಗೆ ನಮ್ಮಷ್ಟು ಪುಣ್ಯವಂತರು ಕಡಿಮೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ರೇಷ್ಮೆ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಆ ವಾರದಲ್ಲಿ ಹುಳುಮನೆಯಿಂದ ಹೊರಬೀಳುವ ಹಿಕ್ಕೆ, ಎಲೆಯ ಚೂರು, ಕಡ್ಡಿ ಬುಟ್ಟಿಗಟ್ಟಲೆ. ಇದನ್ನು ಹಸಿಯಾಗಿ ಕುಂಡಕ್ಕೆ ಹಾಕಬಾರದು. ಕಾವು ಏರಿ ಬೇರು ಸುಡುತ್ತದೆ, ಸೋಂಕು ತಡೆಯಲು ಉದುರಿಸಿದ ಸುಣ್ಣವೂ ಅದರಲ್ಲಿರುತ್ತದೆ. ಗುಂಡಿಯಲ್ಲೋ ತೂತು ಹಾಕಿದ ಡ್ರಮ್ಮಿನಲ್ಲೋ ಸಗಣಿ ನೀರು ಚಿಮುಕಿಸಿ ಮೂರು–ನಾಲ್ಕು ತಿಂಗಳು ಕೊಳೆಸಿದರೆ ಕಾಫಿ ಪುಡಿಯಂಥ ಗೊಬ್ಬರವಾಗುತ್ತದೆ. ವರ್ಷಕ್ಕೆ ಎರಡು ಚೀಲ ನನಗೆ ತವರಿನಿಂದ ಬರುತ್ತದೆ. ಮಳಿಗೆಗಳಲ್ಲಿ ಚಂದದ ಪ್ಯಾಕೆಟ್ಟಿನ ಗೊಬ್ಬರಕ್ಕೆ ನೂರಾರು ರೂಪಾಯಿ ಕೊಡುವವರು ಒಮ್ಮೆ ಶಿಡ್ಲಘಟ್ಟ ತಾಲ್ಲೂಕಿನ ಯಾವುದಾದರೂ ಹುಳುಮನೆಯ ಬಾಗಿಲು ತಟ್ಟಲಿ.

ಬೆಂಗಳೂರಿನಲ್ಲಿ ತಾರಸಿ ತೋಟಕ್ಕೆ ಸಂಘಗಳಿವೆ, ಸಂತೆಗಳಿವೆ. ಡಾ. ಬಿ.ಎನ್. ವಿಶ್ವನಾಥ್ ಅವರು ಅಲ್ಲಿ ಅದಕ್ಕಾಗಿ ವರ್ಷಗಟ್ಟಲೆ ದುಡಿದು ನೂರಾರು ಮನೆಗಳಿಗೆ ದಾರಿ ಹಾಕಿಕೊಟ್ಟರು. ನಮ್ಮ ನಾಲ್ಕು ಊರುಗಳಿಗೆ ಅದು ಇನ್ನೂ ಬಂದಿಲ್ಲ, ಬಂದಲ್ಲೂ ಅಲಂಕಾರದ ಗಿಡವಾಗಿ ಬಂದಿದೆ. ಅಂಗಡಿಯಿಂದ ಐನೂರು ರೂಪಾಯಿಯ ಕುಂಡ ತಂದು ವರಾಂಡದಲ್ಲಿಡುವವರಿಗೆ ಬೇಡ ಅನ್ನುವುದಿಲ್ಲ. ಆದರೆ ಕುಂಡದ ಅಗತ್ಯ ನಿಜವಾಗಿ ಇರುವುದು ಕೂಲಿಯವರ ಓಣಿಗಳಲ್ಲಿ, ಬಾಡಿಗೆ ಕೋಣೆಗಳ ಮುಂದಿನ ಮೆಟ್ಟಿಲುಗಳಲ್ಲಿ, ಮತ್ತು ಅಂಗನವಾಡಿಗಳಲ್ಲಿ.

ಅಂಗನವಾಡಿಯ ಮಾತನ್ನು ಬಿಡಿಸಿ ಹೇಳುತ್ತೇನೆ. ಪೋಷಣ್ ವಾಟಿಕಾ ಎಂಬ ಹೆಸರಿನಲ್ಲಿ ಅಂಗನವಾಡಿಗಳಲ್ಲಿ ಪೌಷ್ಟಿಕ ಕೈತೋಟ ಮಾಡಬೇಕೆಂದು ಸರ್ಕಾರವೇ ಹೇಳಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಪೋಷಣ್ ಮಾಸ ಆಚರಿಸುತ್ತೇವೆ. ರಂಗೋಲಿಯಲ್ಲಿ ತರಕಾರಿ ಜೋಡಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಹಳ್ಳಿಯ ಸ್ವಂತ ಕಟ್ಟಡದ ಅಂಗನವಾಡಿಗೆ ನಾಲ್ಕು ಗೇಣು ಅಂಗಳವಿರುತ್ತದೆ. ಪಟ್ಟಣದಲ್ಲಿ ಬಾಡಿಗೆ ಕೋಣೆಯಲ್ಲಿ ನಡೆಯುವ ಅಂಗನವಾಡಿಗೆ ಅಂಗಳ ಎಲ್ಲಿಂದ ಬರಬೇಕು? ಅಂಥ ಒಂದೊಂದು ಕೇಂದ್ರಕ್ಕೂ ಹತ್ತು ಕುಂಡ ಕೊಟ್ಟರೆ ಸಾಕು. ಮಣ್ಣಿಗೆ ನಗರಸಭೆಗಳ ಘನತ್ಯಾಜ್ಯ ಘಟಕದಲ್ಲಿ ಹಸಿ ಕಸದಿಂದಾಗುವ ಗೊಬ್ಬರವಿದೆ. ಸಸಿಗೆ ತೋಟಗಾರಿಕೆ ಇಲಾಖೆ ಇದೆ, ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಡ. ಈ ಮೂವರೂ ಒಂದು ಬೆಳಗ್ಗೆ ಕೂತು ಮಾತಾಡಿದರೆ ಆಗುವ ಕೆಲಸ. ಮಗು ತಾನೇ ನೀರು ಹೊಯ್ದ ಗಿಡದ ಸೊಪ್ಪನ್ನು ತಟ್ಟೆಯಿಂದ ಆಚೆಗೆ ತಳ್ಳುವುದು ಕಡಿಮೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲಾಖೆಗಳು ಕೂತು ಮಾತಾಡುವ ತನಕ ನಾವು ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಸೀಳಿದ ಕ್ಯಾನೋ ಹಳೆಯ ಬಕೆಟ್ಟೋ ಇದ್ದರೆ ಈ ಭಾನುವಾರ ಎರಡಕ್ಕೆ ಮಣ್ಣು ತುಂಬಿ. ಒಂದನ್ನು ನಿಮ್ಮ ಮೆಟ್ಟಿಲ ಮೇಲಿಟ್ಟುಕೊಳ್ಳಿ, ಇನ್ನೊಂದನ್ನು ನಿಮ್ಮ ಬೀದಿಯ ಅಂಗನವಾಡಿಗೆ ಕೊಟ್ಟುಬನ್ನಿ. ತಳಕ್ಕೆ ತೂತು ಹಾಕಿ, ದಂಟಿನ ಬೀಜ ಉದುರಿಸಿಯೇ ಕೊಡಿ. ಅಲ್ಲಿನ ಕಾರ್ಯಕರ್ತೆಗೆ ಮಾಡಲು ಬೇರೆ ನೂರು ಕೆಲಸಗಳಿವೆ.